ಏರಿ ಬಿರಿಯುವ ಮುನ್ನ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಮಳೆ ಕಡಮೆ. ಅಲ್ಲಿಯ ಹಳ್ಳಿಗಳಿಗೆ ಕೆರೆಗಳೇ ಜೀವಾಳ. ವೇದಾವತಿ ನದಿಗೆ ಹಿರಿಯೂರಿನ ಸಮೀಪದ ಮಾರಿಕಣಿವೆಯಲ್ಲಿ ಕಟ್ಟಿರುವ ವಾಣೀವಿಲಾಸ ಸಾಗರವು 1907ರಲ್ಲಿ ಪೂರ್ಣಗೊಂಡಿತು. ಅದು 1933ರಲ್ಲಿ ತುಂಬಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದುದು 2022ರಲ್ಲಿ. ನೀರಿಗಾಗಿ ಇಷ್ಟು ಕಾಲ ಕಾಯಬಲ್ಲ ಜನರು ಕೆರೆ ತುಂಬಿದಾಗ ಹಿಗ್ಗುವುದು ಸಹಜ. ಆದರೆ ಅನುಭವಸ್ಥ ರೈತನ ದೃಷ್ಟಿ ತುಂಬಿದ ನೀರಿನ ಮೇಲೆ ಮಾತ್ರವೇ ನಿಲ್ಲುವುದಿಲ್ಲ. ಅದು ಕೆರೆಯ ಏರಿಯ ಕಡೆಗೂ ಹರಿಯುತ್ತದೆ. ಏರಿಯ ಯಾವುದಾದರೊಂದು ಭಾಗ ಸಡಿಲವಾಗಿ ಹೊರಕ್ಕೆ ಉಬ್ಬಿದ್ದರೆ, ಊರಿನವರೆಲ್ಲರೂ ಸೇರಿ ಕಲ್ಲುಮಣ್ಣುಗಳನ್ನು ಹೊತ್ತು ತಂದು ಹೊರಗಿನಿಂದ ಆಸರೆ ಕೊಡುತ್ತಾರೆ. ಅದು ಶಾಶ್ವತವಾದ ರಕ್ಷಣೆಯಲ್ಲವೆಂಬುದು ಅವರಿಗೆ ತಿಳಿದೇ ಇರುತ್ತದೆ. ಆದರೂ ಆ ಆಸರೆ ನಿಂತಷ್ಟು ದಿನ ನೀರು ಉಳಿಯುತ್ತದೆ. ನೀರು ಉಳಿದಷ್ಟು ದಿನ ಬೆಳೆ ಬೆಳೆಯುತ್ತದೆ.

ಮನುಷ್ಯನ ದೇಹದಲ್ಲಿಯೂ ಇಂತಹ ಒಂದು ಏರಿಯುಂಟು. ಹೃದಯವು ನಿಮಿಷಕ್ಕೆ ಸುಮಾರು 70 ಬಾರಿ ಮಿಡಿದು, ಸುಮಾರು 5 ಲೀಟರಿನಷ್ಟು ರಕ್ತವನ್ನು ಹೊರಗೆ ದೂಡುತ್ತದೆ. ಆ ರಕ್ತವೆಲ್ಲವನ್ನೂ ಮೊದಲು ಸ್ವೀಕರಿಸುವ ರಕ್ತನಾಳಕ್ಕೆ ಮಹಾಪಧಮನಿ ಎಂದು ಹೆಸರು. ಅದು ಹೃದಯದಿಂದ ಮೇಲಕ್ಕೆ ಹೊರಟು, ಕಮಾನಿನಂತೆ ಬಾಗಿ, ಬೆನ್ನುಮೂಳೆಯ ಮುಂಭಾಗದಲ್ಲಿ ಕೆಳಗಿಳಿದು, ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಕವಲೊಡೆದು ಕಾಲುಗಳ ಕಡೆಗೆ ಸಾಗುತ್ತದೆ. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸಾಮಾನ್ಯವಾಗಿ 2 ಸೆಂಟಿಮೀಟರಿನಷ್ಟು. ವಯಸ್ಸು, ಅಧಿಕ ರಕ್ತದೊತ್ತಡ, ಎಲ್ಲಕ್ಕಿಂತ ಹೆಚ್ಚಾಗಿ ಧೂಮಪಾನ, ಇವುಗಳಿಂದ ಆ ನಾಳದ ಗೋಡೆ ದುರ್ಬಲವಾಗಬಹುದು. ಕೆಲವು ವಂಶಗಳಲ್ಲಿ ಈ ದೌರ್ಬಲ್ಯವು ಹುಟ್ಟಿನಿಂದಲೇ ಬಂದಿರುವುದೂ ಉಂಟು. ದುರ್ಬಲವಾದ ಗೋಡೆಯು ರಕ್ತದ ಒತ್ತಡವನ್ನು ತಾಳಲಾರದೆ, ಸವೆದ ಟಯರಿನ ಕಡೆ ಸೈಕಲ್ ಟ್ಯೂಬು ಉಬ್ಬುವಂತೆ, ಹೊರಕ್ಕೆ ಉಬ್ಬುತ್ತದೆ. ಈ ಉಬ್ಬನ್ನು ವೈದ್ಯರು ಅನ್ಯೂರಿಸಂ ಎಂದು ಕರೆಯುತ್ತಾರೆ. ನಾಳ ಅಗಲವಾದಷ್ಟೂ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ. ಎಳೆತ ಹೆಚ್ಚಿದಷ್ಟೂ ನಾಳ ಇನ್ನಷ್ಟು ಅಗಲವಾಗುತ್ತದೆ. ಅನೇಕ ವೇಳೆ ರೋಗಿಗೆ ಇದರ ಅರಿವೇ ಇರುವುದಿಲ್ಲ. ಒಂದು ದಿನ ಗೋಡೆ ಬಿರಿದರೆ, ಪ್ರಾಣ ಉಳಿಯುವುದು ಬಹು ಕಷ್ಟ.

ಇಪ್ಪತ್ತನೆಯ ಶತಮಾನದ ಅತ್ಯಂತ ಪ್ರಸಿದ್ಧ ವಿಜ್ಞಾನಿಯೊಬ್ಬರು ಇಂತಹ ಬಿರುಕುಬಿಟ್ಟ ಏರಿಯನ್ನು ತಮ್ಮ ಒಡಲಲ್ಲಿಟ್ಟುಕೊಂಡು, ಅದನ್ನು ಚೆನ್ನಾಗಿ ಅರಿತೂ, ಆರು ವರ್ಷಗಳಿಗಿಂತ ಹೆಚ್ಚು ಕಾಲ ನೆಮ್ಮದಿಯಿಂದ ದುಡಿದರು. ಅವರೇ ಆಲ್ಬರ್ಟ್ ಐನ್‌ಸ್ಟೈನ್.

ಐನ್‌ಸ್ಟೈನರು 1879ನೆಯ ಇಸವಿ ಮಾರ್ಚ್ 14ರಂದು ಜರ್ಮನಿಯ ಉಲ್ಮ್ ಎಂಬ ಪಟ್ಟಣದಲ್ಲಿ ಜನಿಸಿದರು. ತಂದೆ ಹರ್ಮನ್ ಐನ್‌ಸ್ಟೈನರು ವಿದ್ಯುತ್ ಉಪಕರಣಗಳ ವ್ಯಾಪಾರ ನಡೆಸುತ್ತಿದ್ದರು. ತಾಯಿ ಪೌಲೀನರಿಗೆ ಸಂಗೀತದಲ್ಲಿ ಅಪಾರ ಆಸಕ್ತಿ. ತಾಯಿಯ ಪ್ರೇರಣೆಯಿಂದ ಬಾಲಕನು ಪಿಟೀಲು ಕಲಿತನು. ಆ ವಾದ್ಯವು ಬಹುಕಾಲ ಅವನ ಸಂಗಾತಿಯಾಯಿತು. ನಾಲ್ಕೈದು ವರ್ಷದ ಮಗುವಾಗಿದ್ದಾಗ ತಂದೆ ತೋರಿಸಿದ ದಿಕ್ಸೂಚಿಯ ಮುಳ್ಳು ಯಾರೂ ಮುಟ್ಟದೆ ಒಂದೇ ದಿಕ್ಕಿಗೆ ತಿರುಗಿ ನಿಲ್ಲುವುದನ್ನು ಕಂಡು ಅವನು ಬೆರಗಾದನು. ಕಣ್ಣಿಗೆ ಕಾಣದ ಯಾವುದೋ ಒಂದು ಶಕ್ತಿ ವಸ್ತುಗಳ ಹಿಂದೆ ಅಡಗಿದೆಯೆಂಬ ಆ ಬೆರಗು ಜೀವಮಾನವೆಲ್ಲ ಅವರನ್ನು ಬಿಡಲಿಲ್ಲ.

ಜ್ಯೂರಿಕ್ ನಗರದ ಪಾಲಿಟೆಕ್ನಿಕ್‌ನಲ್ಲಿ ವ್ಯಾಸಂಗವನ್ನು ಮುಗಿಸಿದ ಮೇಲೆ ಅವರಿಗೆ ಬೋಧಕನ ಹುದ್ದೆ ದೊರೆಯಲಿಲ್ಲ. 1902ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಒಂದು ಸಾಧಾರಣ ಉದ್ಯೋಗ ಸಿಕ್ಕಿತು. ಇತರರು ಕಂಡುಹಿಡಿದ ಯಂತ್ರಗಳ ವಿವರಗಳನ್ನು ಪರಿಶೀಲಿಸುವುದು ಅಲ್ಲಿಯ ಕೆಲಸ. ಆ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಲೇ, ಬಿಡುವಿನ ವೇಳೆಯಲ್ಲಿ ಪ್ರಕೃತಿಯ ರಹಸ್ಯಗಳನ್ನು ಕುರಿತು ಚಿಂತಿಸಿದ ಆ ಯುವಕನು 1905ರಲ್ಲಿ ಭೌತವಿಜ್ಞಾನದ ದಿಕ್ಕನ್ನೇ ಬದಲಿಸಿದ ಲೇಖನಗಳನ್ನು ಪ್ರಕಟಿಸಿದನು. ಆಗ ಅವನಿಗೆ ಕೇವಲ 26 ವರ್ಷ. ಬೆಳಕಿನ ಸ್ವರೂಪ, ಅಣುಗಳ ಚಲನೆ, ಕಾಲ ಮತ್ತು ದೇಶಗಳ ಸಾಪೇಕ್ಷತೆ, ದ್ರವ್ಯ ಮತ್ತು ಶಕ್ತಿಗಳ ಸಂಬಂಧ, ಇವೆಲ್ಲವೂ ಆ ಲೇಖನಗಳ ವಿಷಯಗಳು. ಸಾಪೇಕ್ಷತೆಯ ಲೇಖನದಲ್ಲಿ ಅವರು ಕೃತಜ್ಞತೆಯಿಂದ ನೆನೆದುದು ಅದೇ ಕಚೇರಿಯ ಸಹೋದ್ಯೋಗಿಯೂ ಮಿತ್ರರೂ ಆದ ಮಿಕೇಲೆ ಬೆಸ್ಸೊ ಅವರನ್ನು ಮಾತ್ರ.

ಐನ್‌ಸ್ಟೈನರು 1914ರಲ್ಲಿ ಬರ್ಲಿನ್ ನಗರಕ್ಕೆ ಬಂದರು. ಮಹಾಯುದ್ಧದ ಗದ್ದಲದ ನಡುವೆಯೇ, 1915ರ ನವೆಂಬರ್ ತಿಂಗಳಲ್ಲಿ, ಗುರುತ್ವವನ್ನು ಕುರಿತ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವನ್ನು ಪೂರ್ಣಗೊಳಿಸಿದರು. ಆ ದಿನಗಳ ಅತಿಯಾದ ಪರಿಶ್ರಮ ಹಾಗೂ ಯುದ್ಧಕಾಲದ ಅರೆಹೊಟ್ಟೆಯ ಜೀವನ ಅವರ ಆರೋಗ್ಯವನ್ನು ಕುಗ್ಗಿಸಿದುವು. 1917ರಲ್ಲಿ ಅವರು ಹೊಟ್ಟೆಯ ಬೇನೆಯಿಂದ ಹಾಸಿಗೆ ಹಿಡಿದರು. ಸೋದರಬಂಧುವಾದ ಎಲ್ಸಾ ಅವರ ಆರೈಕೆಯಿಂದ ನಿಧಾನವಾಗಿ ಚೇತರಿಸಿಕೊಂಡರು. 1919ರಲ್ಲಿ ಆಕೆಯನ್ನು ವಿವಾಹವಾದರು. ಅದೇ ವರ್ಷ ಮೇ 29ರ ಸೂರ್ಯಗ್ರಹಣದ ಕಾಲದಲ್ಲಿ ಆಂಗ್ಲ ವಿಜ್ಞಾನಿಗಳು ನಕ್ಷತ್ರಗಳ ಬೆಳಕು ಸೂರ್ಯನ ಬಳಿ ಬಾಗುವುದನ್ನು ಅಳೆದು, ಐನ್‌ಸ್ಟೈನರ ಲೆಕ್ಕ ಸರಿಯೆಂದು ಸಾರಿದರು. ಅವರ ಕೀರ್ತಿ ಜಗತ್ತಿನಲ್ಲೆಲ್ಲ ಹಬ್ಬಿತು. 1921ನೆಯ ವರ್ಷದ ನೊಬೆಲ್ ಪಾರಿತೋಷಕವು ಅವರಿಗೆ ಸಂದಿತು. 1924ರಲ್ಲಿ ಢಾಕಾದಿಂದ ಸತ್ಯೇಂದ್ರನಾಥ ಬೋಸ್ ಎಂಬ ತರುಣ ಭಾರತೀಯ ಅಧ್ಯಾಪಕರು ಒಂದು ಲೇಖನವನ್ನು ಕಳುಹಿಸಿದಾಗ, ಅದರ ಮಹತ್ತ್ವವನ್ನು ಕೂಡಲೇ ಗುರುತಿಸಿ, ತಾವೇ ಅದನ್ನು ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಣೆಗೆ ಕಳುಹಿಸಿಕೊಟ್ಟರು.

1928ರಲ್ಲಿ ಅವರ ದೇಹವು ಮತ್ತೊಮ್ಮೆ ಎಚ್ಚರಿಕೆ ನೀಡಿತು. ಸ್ವಿಟ್ಜರ್ಲೆಂಡಿನ ಹಿಮಾವೃತ ಪ್ರದೇಶದಲ್ಲಿ ಭಾರವಾದ ಪೆಟ್ಟಿಗೆಯೊಂದನ್ನು ಹೊತ್ತು ನಡೆಯುವಾಗ ಅವರು ಕುಸಿದರು. ಅವರ ಹೃದಯವು ಹಿಗ್ಗಿದೆಯೆಂದು ವೈದ್ಯರು ನಿರ್ಣಯಿಸಿದರು. ಆಗ ಅವರಿಗೆ 49 ವರ್ಷ. ತಿಂಗಳುಗಟ್ಟಲೆ ಹಾಸಿಗೆಯಲ್ಲಿಯೇ ವಿಶ್ರಾಂತಿ ಪಡೆಯಬೇಕಾಯಿತು. ಉಪ್ಪಿಲ್ಲದ ಊಟ ನಿಯಮವಾಯಿತು. ಹೊಗೆಬತ್ತಿಯನ್ನು ಬಿಡಬೇಕೆಂದು ವೈದ್ಯರು ವಿಧಿಸಿದರು. ಆದರೆ ಕೊಳವೆಯಲ್ಲಿ ಹೊಗೆಸೊಪ್ಪು ಸೇದುವ ಅಭ್ಯಾಸವು ಅವರಿಗೆ ಯೌವನದಿಂದಲೂ ಅಂಟಿಕೊಂಡಿತ್ತು. ಬ್ರಹ್ಮಾಂಡದ ನಿಯಮಗಳನ್ನು ಗೆದ್ದ ಆ ಮೇಧಾವಿಗೂ ಈ ಚಿಕ್ಕ ಚಟವನ್ನು ಸಂಪೂರ್ಣವಾಗಿ ಗೆಲ್ಲುವುದು ಸುಲಭವಾಗಲಿಲ್ಲ. ಮಹಾಪಧಮನಿಯ ಗೋಡೆಗೆ ಹೊಗೆಸೊಪ್ಪು ಎಂತಹ ಶತ್ರುವೆಂಬುದು ಆ ಕಾಲದಲ್ಲಿ ತಿಳಿದಿರಲಿಲ್ಲ. ಇಂದು ಅದು ಸಂದೇಹಕ್ಕೆಡೆಯಿಲ್ಲದೆ ತಿಳಿದಿದೆ.

1933ರಲ್ಲಿ ಹಿಟ್ಲರನು ಜರ್ಮನಿಯ ಅಧಿಕಾರವನ್ನು ವಶಪಡಿಸಿಕೊಂಡನು. ಯಹೂದ್ಯರಾದ ಐನ್‌ಸ್ಟೈನರು ತಾಯ್ನಾಡನ್ನು ತೊರೆದು ಅಮೆರಿಕದ ಪ್ರಿನ್ಸ್‌ಟನ್ ಎಂಬ ಸಣ್ಣ ಪಟ್ಟಣದಲ್ಲಿ ನೆಲೆಸಿದರು. ಅದೇ ವರ್ಷ ಬರ್ಲಿನ್ನಿನಿಂದ ಹೊರಬಿದ್ದವರಲ್ಲಿ ರೂಡಾಲ್ಫ್ ನಿಸ್ಸೆನ್ ಎಂಬ ಯಹೂದ್ಯ ಶಸ್ತ್ರವೈದ್ಯರೂ ಒಬ್ಬರು. ರೋಗಗ್ರಸ್ತವಾದ ಒಂದು ಶ್ವಾಸಕೋಶವನ್ನು ಪೂರ್ಣವಾಗಿ ತೆಗೆದು ರೋಗಿಯನ್ನು ಉಳಿಸುವ ಶಸ್ತ್ರಚಿಕಿತ್ಸೆಯನ್ನು 1931ರಲ್ಲಿಯೇ ನಡೆಸಿದ್ದ ಸಮರ್ಥರು ಅವರು. ನಿಸ್ಸೆನ್ನರು ಮೊದಲು ತುರ್ಕಿಯ ಇಸ್ತಾಂಬುಲಿಗೆ ಹೋಗಿ, ಅಲ್ಲಿಂದ 1939ರಲ್ಲಿ ಅಮೆರಿಕಕ್ಕೆ ಬಂದರು. ಒಂದು ದೇಶ ಹೊರದೂಡಿದ ಇಬ್ಬರು ಇನ್ನೊಂದು ದೇಶದಲ್ಲಿ ರೋಗಿ ಮತ್ತು ವೈದ್ಯರಾಗಿ ಎದುರುಬದುರಾಗುವ ಕಾಲ ಮುಂದೆ ಬರಲಿತ್ತು.

ಪ್ರಿನ್ಸ್‌ಟನ್ನಿನಲ್ಲಿ ಐನ್‌ಸ್ಟೈನರ ಜೀವನ ಸರಳವಾಗಿತ್ತು. 1936ರಲ್ಲಿ ಪತ್ನಿ ಎಲ್ಸಾ ತೀರಿಕೊಂಡರು. 1939ರಲ್ಲಿ ತಂಗಿ ಮಾಯಾ ಅಣ್ಣನ ಮನೆಗೆ ಬಂದು ಸೇರಿದರು. ಈ ನಡುವೆ ಐನ್‌ಸ್ಟೈನರಿಗೆ ಆಗಾಗ ಹೊಟ್ಟೆಯ ಮೇಲುಭಾಗದಲ್ಲಿ ತೀವ್ರವಾದ ನೋವು ಬರುತ್ತಿತ್ತು. ಅದು ಎರಡು ಮೂರು ದಿನಗಳವರೆಗೆ ಬಾಧಿಸಿ, ವಾಂತಿಯನ್ನೂ ತರಿಸಿ, ತಾನಾಗಿಯೇ ಶಮನವಾಗುತ್ತಿತ್ತು. 1948ರಲ್ಲಿ ಅವರನ್ನು ಪರೀಕ್ಷಿಸಿದಾಗ ಹೊಟ್ಟೆಯ ಮಧ್ಯಭಾಗದಲ್ಲಿ ಮಿಡಿಯುತ್ತಿರುವ ಒಂದು ಗಂಟು ಕೈಗೆ ಸಿಕ್ಕಿತು. ನಿಸ್ಸೆನ್ನರು ಶಸ್ತ್ರಚಿಕಿತ್ಸೆಯನ್ನು ಸಲಹೆಮಾಡಿದರು; ಐನ್‌ಸ್ಟೈನರು ಒಪ್ಪಿದರು. ಆ ವರ್ಷದ ಡಿಸೆಂಬರ್ ತಿಂಗಳಲ್ಲಿ ಬ್ರೂಕ್ಲಿನ್ ನಗರದ ಯಹೂದ್ಯರ ಆಸ್ಪತ್ರೆಯಲ್ಲಿ ಆ ಚಿಕಿತ್ಸೆ ನಡೆಯಿತು.

ಹೊಟ್ಟೆಯನ್ನು ತೆರೆದು ನೋಡಿದಾಗ ಪಿತ್ತಕೋಶದಲ್ಲಿ ಕಲ್ಲುಗಳಿರಲಿಲ್ಲ. ಆದರೆ ಮಹಾಪಧಮನಿಯು ಒಂದು ಸಣ್ಣ ಚಕ್ಕೋತ ಹಣ್ಣಿನಷ್ಟು ದಪ್ಪವಾಗಿ ಉಬ್ಬಿಕೊಂಡಿತ್ತು. ಅದೃಷ್ಟವಶಾತ್ ಅದರ ಗೋಡೆ ಇನ್ನೂ ಬಿರಿದಿರಲಿಲ್ಲ. ಉಬ್ಬಿದ ಭಾಗವನ್ನು ಕತ್ತರಿಸಿ ಬೇರೊಂದು ನಾಳವನ್ನು ಜೋಡಿಸುವ ವಿಧಾನ ಆಗ ಇನ್ನೂ ಕೈಗೂಡಿರಲಿಲ್ಲ. ನಾಳವನ್ನು ಕಟ್ಟಿಬಿಟ್ಟರೆ ಕಾಲುಗಳಿಗೆ ರಕ್ತವೇ ಇಲ್ಲದಂತಾಗುವ ಭಯ. ಆದ್ದರಿಂದ ನಿಸ್ಸೆನ್ನರು ಆ ಕಾಲಕ್ಕೆ ಲಭ್ಯವಿದ್ದ ಒಂದು ಉಪಾಯವನ್ನು ಕೈಗೊಂಡರು. ತಿಂಡಿ ಪೊಟ್ಟಣಗಳಿಗೆ ಸುತ್ತುವಂತಹ ಸೆಲೊಫೇನ್ ಹಾಳೆಯನ್ನು ಉಬ್ಬಿನ ಮೇಲೆ ಹೊದಿಸಿ ಸುತ್ತಿದರು. ಈ ಪರಕೀಯ ವಸ್ತುವನ್ನು ದೇಹ ಸಹಿಸುವುದಿಲ್ಲ. ಅದರ ಸುತ್ತ ಗಾಯದ ಕಲೆಯಂತಹ ಗಟ್ಟಿಯಾದ ನಾರಿನ ಪದರವನ್ನು ಬೆಳೆಸುತ್ತದೆ. ಆ ಪದರವೇ ದುರ್ಬಲವಾದ ಗೋಡೆಗೆ ಹೊರಗಿನ ಆಸರೆಯಾಗುತ್ತದೆ. ಸಡಿಲಗೊಂಡ ಕೆರೆಯೇರಿಗೆ ಹೊರಗಿನಿಂದ ಕಲ್ಲುಮಣ್ಣು ಒಟ್ಟುವ ಹಳ್ಳಿಗರ ಉಪಾಯಕ್ಕೂ ಈ ಉಪಾಯಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಅದು ಎಷ್ಟು ಕಾಲ ನಿಲ್ಲುವುದೆಂದು ಯಾವ ವೈದ್ಯನೂ ಹೇಳುವಂತಿರಲಿಲ್ಲ.

1949ರ ಜನವರಿಯಲ್ಲಿ ಐನ್‌ಸ್ಟೈನರು ಮನೆಗೆ ಮರಳಿದರು. ಆಗ ಅವರಿಗೆ 70 ವರ್ಷ ತುಂಬುತ್ತಲಿತ್ತು. ತಮ್ಮೊಳಗಿನ ಏರಿ ಯಾವ ದಿನ ಬೇಕಾದರೂ ಬಿರಿಯಬಹುದೆಂಬುದನ್ನು ಅವರು ಅರಿತಿದ್ದರು. ಇಂತಹ ಅರಿವು ಅನೇಕರನ್ನು ಭಯದಿಂದ ಕುಗ್ಗಿಸುತ್ತದೆ. ಮತ್ತೆ ಕೆಲವರನ್ನು ಉದಾಸೀನರನ್ನಾಗಿ ಮಾಡುತ್ತದೆ. ಐನ್‌ಸ್ಟೈನರು ಭಯಪಡಲೂ ಇಲ್ಲ, ಕೆಲಸವನ್ನು ಕೈಬಿಡಲೂ ಇಲ್ಲ.

ಗುರುತ್ವ ಮತ್ತು ವಿದ್ಯುತ್ಕಾಂತ ಶಕ್ತಿಗಳೆರಡನ್ನೂ ಒಂದೇ ಸೂತ್ರದಲ್ಲಿ ಅಡಕಗೊಳಿಸುವ ಏಕೀಕೃತ ಕ್ಷೇತ್ರ ಸಿದ್ಧಾಂತವು ಅವರ ಬಹುಕಾಲದ ಕನಸಾಗಿತ್ತು. 1950ರಲ್ಲಿ ಅದರ ಹೊಸ ರೂಪವೊಂದನ್ನು ಪ್ರಕಟಿಸಿದರು. ಬಹುಮಂದಿ ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಆದರೂ ಅವರು ಲೆಕ್ಕಗಳನ್ನು ಮತ್ತೆ ಮತ್ತೆ ಹಾಕುತ್ತಲೇ ಇದ್ದರು. ಅದೇ ವರ್ಷ ದೂರದರ್ಶನದ ಮೂಲಕ ಜಲಜನಕ ಬಾಂಬಿನ ಅಪಾಯವನ್ನು ಕುರಿತು ಜನರನ್ನು ಎಚ್ಚರಿಸಿದರು. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದ ತಂಗಿಯ ಪಕ್ಕದಲ್ಲಿ ಕುಳಿತು ಪ್ರತಿ ಸಂಜೆ ಒಳ್ಳೆಯ ಗ್ರಂಥಗಳನ್ನು ಓದಿ ಹೇಳುವುದನ್ನು, 1951ರಲ್ಲಿ ಆಕೆ ತೀರಿಕೊಳ್ಳುವವರೆಗೆ, ಅವರು ತಪ್ಪಿಸಲಿಲ್ಲ. 1952ರಲ್ಲಿ ಇಸ್ರೇಲ್ ರಾಷ್ಟ್ರವು ತನ್ನ ಅಧ್ಯಕ್ಷಪದವಿಯನ್ನು ಅವರ ಮುಂದಿಟ್ಟಿತು. ಜನರನ್ನು ಆಳುವ ಕೆಲಸಕ್ಕೆ ತಮ್ಮ ಸ್ವಭಾವ ಹಾಗೂ ಅನುಭವಗಳು ತಕ್ಕವಲ್ಲವೆಂದು ತಿಳಿಸಿ, ಅವರು ಆ ಗೌರವವನ್ನು ವಿನಯದಿಂದ ಒಲ್ಲೆನೆಂದರು. ಗಾಂಧೀಜಿಯವರ ಅಹಿಂಸಾಮಾರ್ಗದಲ್ಲಿ ಅವರಿಗೆ ಅಪಾರವಾದ ಗೌರವವಿತ್ತು. ವಿಚಾರಸ್ವಾತಂತ್ರ್ಯಕ್ಕೆ ಧಕ್ಕೆ ಬಂದಾಗ ಬಹಿರಂಗವಾಗಿಯೇ ಅದನ್ನು ವಿರೋಧಿಸಿದರು. ಹೊರಗಿನ ಆಸರೆ ಒದಗಿಸಿದ ಆ ವರ್ಷಗಳಲ್ಲಿ ಅವರು ಬೆಳೆದ ಬೆಳೆ ಹೀಗಿತ್ತು.

1955ರ ಮಾರ್ಚ್ ತಿಂಗಳಲ್ಲಿ ಹಳೆಯ ಮಿತ್ರ ಬೆಸ್ಸೊ ನಿಧನರಾದರು. ಐನ್‌ಸ್ಟೈನರು ಬೆಸ್ಸೊ ಅವರ ಮನೆಯವರಿಗೆ ಸಾಂತ್ವನದ ಪತ್ರ ಬರೆದರು. ಏಪ್ರಿಲ್ 11ರಂದು, ಪರಮಾಣು ಯುದ್ಧವನ್ನು ತ್ಯಜಿಸಬೇಕೆಂದು ಜಗತ್ತಿನ ರಾಷ್ಟ್ರಗಳನ್ನು ಪ್ರಾರ್ಥಿಸುವ ಒಂದು ಹೇಳಿಕೆಗೆ ತಾವೂ ಸಹಿ ಹಾಕಲು ಒಪ್ಪಿ ಆಂಗ್ಲ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅವರಿಗೆ ಪತ್ರ ಬರೆದರು. ಎರಡು ದಿನಗಳ ಅನಂತರ, 13ನೆಯ ತಾರೀಖು, ಮನೆಯಲ್ಲಿಯೇ ಕುಸಿದರು. ಏರಿ ಬಿರಿಯತೊಡಗಿತ್ತು. 15ರಂದು ಅವರನ್ನು ಪ್ರಿನ್ಸ್‌ಟನ್ ಆಸ್ಪತ್ರೆಗೆ ಸೇರಿಸಲಾಯಿತು.

ಈ ಆರು ವರ್ಷಗಳಲ್ಲಿ ವೈದ್ಯವಿಜ್ಞಾನವು ಬಹಳ ಮುಂದುವರಿದಿತ್ತು. 1951ರಲ್ಲಿ ಪ್ಯಾರಿಸ್ ನಗರದ ಚಾರ್ಲ್ಸ್ ದ್ಯುಬೋ ಎಂಬ ಶಸ್ತ್ರವೈದ್ಯರು ಇಂತಹ ಉಬ್ಬನ್ನು ಕತ್ತರಿಸಿ ತೆಗೆದು, ಮೃತವ್ಯಕ್ತಿಯೊಬ್ಬನ ದೇಹದಿಂದ ಪಡೆದ ನಾಳವನ್ನು ಅಲ್ಲಿ ಜೋಡಿಸಿ ಯಶಸ್ಸು ಪಡೆದಿದ್ದರು. ಆದ್ದರಿಂದ ನ್ಯೂಯಾರ್ಕಿನಿಂದ ಬಂದ ಶಸ್ತ್ರವೈದ್ಯ ಫ್ರಾಂಕ್ ಗ್ಲೆನ್ ಅವರು ಶಸ್ತ್ರಚಿಕಿತ್ಸೆಯ ಸಾಧ್ಯತೆಯನ್ನು ಐನ್‌ಸ್ಟೈನರ ಮುಂದಿಟ್ಟರು. ಆ ಚಿಕಿತ್ಸೆ ಇನ್ನೂ ಹೊಸದು. ಅದರಲ್ಲಿ ಅಪಾಯವೂ ಬಹಳ. 76 ವರ್ಷದ ಐನ್‌ಸ್ಟೈನರು ಬೇಡವೆಂದರು. ಆಯುಸ್ಸನ್ನು ಕೃತಕವಾಗಿ ಎಳೆಯುವುದರಲ್ಲಿ ತಮಗೆ ಆಸೆಯಿಲ್ಲವೆಂದೂ, ತಮ್ಮ ಪಾಲಿನ ಕೆಲಸ ಮುಗಿದಿದೆಯೆಂದೂ ಶಾಂತವಾಗಿ ತಿಳಿಸಿದರು. ಅವರ ಹಿರಿಯ ಮಗ ಹಾನ್ಸ್ ಆಲ್ಬರ್ಟ್ ಕ್ಯಾಲಿಫೋರ್ನಿಯದಿಂದ ವಿಮಾನದಲ್ಲಿ ಧಾವಿಸಿ ಬಂದರು. ನದಿಗಳ ಪ್ರವಾಹ ಮತ್ತು ಹೂಳುಗಳನ್ನು ಕುರಿತು ಸಂಶೋಧಿಸುತ್ತಿದ್ದ ಪ್ರಾಧ್ಯಾಪಕರು ಅವರು. ತಂದೆ ಮಕ್ಕಳು ವಿಜ್ಞಾನದ ವಿಷಯವನ್ನೇ ಮಾತನಾಡಿದರು.

17ರಂದು ನೋವು ಸ್ವಲ್ಪ ಕಡಮೆಯಾಯಿತು. ಐನ್‌ಸ್ಟೈನರು ತಮ್ಮ ಕನ್ನಡಕವನ್ನೂ ಲೆಕ್ಕದ ಹಾಳೆಗಳನ್ನೂ ತರಿಸಿಕೊಂಡರು. ಬಹುಕಾಲದ ಕನಸಾದ ಆ ಸಿದ್ಧಾಂತದ ಲೆಕ್ಕವನ್ನು ಮತ್ತೆ ಕೈಗೆತ್ತಿಕೊಂಡರು. ಅದೇ ರಾತ್ರಿ ಕಳೆದು, 1955ನೆಯ ಇಸವಿ ಏಪ್ರಿಲ್ 18ರ ನಸುಕಿನ ಒಂದು ಗಂಟೆಯ ಸುಮಾರಿಗೆ ಅವರ ಜೀವ ಹಾರಿಹೋಯಿತು. ಹಾಸಿಗೆಯ ಪಕ್ಕದಲ್ಲಿ ಆ ಲೆಕ್ಕ ಅಪೂರ್ಣವಾಗಿಯೇ ಉಳಿಯಿತು. ಅವರ ಇಚ್ಛೆಯಂತೆ ಆಡಂಬರವಿಲ್ಲದೆ ದಹನ ಸಂಸ್ಕಾರ ನಡೆಯಿತು. ಬೂದಿಯನ್ನು ಬಹಿರಂಗಪಡಿಸದ ಸ್ಥಳದಲ್ಲಿ ಚೆಲ್ಲಲಾಯಿತು. ತಮ್ಮ ಮನೆ ಯಾತ್ರಾಸ್ಥಳವಾಗಕೂಡದೆಂಬುದು ಅವರ ಆಶಯವಾಗಿತ್ತು. ಪರಮಾಣು ಯುದ್ಧದ ವಿರುದ್ಧ ಅವರು ಸಹಿ ಹಾಕಿದ ಹೇಳಿಕೆಯು ಜುಲೈ 9ರಂದು, ಅವರು ಇಲ್ಲದ ಜಗತ್ತಿನಲ್ಲಿ, ಪ್ರಕಟವಾಯಿತು.

ಐನ್‌ಸ್ಟೈನರ ನಿರ್ಧಾರವು ಆ ವಯಸ್ಸಿನ, ಆ ಕಾಲದ ರೋಗಿಯೊಬ್ಬರದು. ಚಿಕಿತ್ಸೆಯನ್ನು ಒಲ್ಲೆನೆನ್ನುವುದೇ ಧೀರತನವೆಂದು ಇದರಿಂದ ತಿಳಿಯಬಾರದು. 1948ರಲ್ಲಿ ಅವರು ವೈದ್ಯರ ಮಾತಿಗೆ ಒಪ್ಪಿದ್ದರಿಂದಲೇ ಮುಂದಿನ ಆರು ವರ್ಷಗಳು ದೊರೆತುವೆಂಬುದನ್ನು ಮರೆಯುವಂತಿಲ್ಲ. ಅವರ ಕಾಲದ ಅನಂತರ ಈ ರೋಗದ ಚಿಕಿತ್ಸೆ ಬಹಳ ಸುಧಾರಿಸಿದೆ. ಅಮೆರಿಕದ ಮೈಕೆಲ್ ಡಿಬೇಕಿ ಎಂಬ ವೈದ್ಯರು ಡೆಕ್ರಾನ್ ಬಟ್ಟೆಯನ್ನು ಮನೆಯ ಹೊಲಿಗೆ ಯಂತ್ರದಲ್ಲಿ ತಾವೇ ಹೊಲಿದು ಕೃತಕ ನಾಳವನ್ನು ಸಿದ್ಧಪಡಿಸಿದರು. 1990ರಲ್ಲಿ ಅರ್ಜೆಂಟೀನಾ ದೇಶದ ವಾನ್ ಪರೋಡಿ ಎಂಬ ವೈದ್ಯರು ಹೊಟ್ಟೆಯನ್ನು ಸೀಳದೆ, ತೊಡೆಯ ರಕ್ತನಾಳದ ಮೂಲಕವೇ ಅಂತಹ ನಾಳವನ್ನು ಒಳಸೇರಿಸಿ ಉಬ್ಬನ್ನು ಒಳಗಿನಿಂದ ಭದ್ರಪಡಿಸುವ ವಿಧಾನವನ್ನು ನಡೆಸಿ ತೋರಿಸಿದರು. ಶ್ರವಣಾತೀತ ಧ್ವನಿಯ ಪರೀಕ್ಷೆಯಿಂದ ಉಬ್ಬನ್ನು ನೋವಿಲ್ಲದೆ ಕಂಡುಹಿಡಿಯಬಹುದು. ಉಬ್ಬು ಚಿಕ್ಕದಾಗಿದ್ದರೆ, ರಕ್ತದೊತ್ತಡವನ್ನು ಹತೋಟಿಯಲ್ಲಿಟ್ಟು, ಧೂಮಪಾನವನ್ನು ತ್ಯಜಿಸಿ, ಕಾಲಕಾಲಕ್ಕೆ ಅಳತೆ ಮಾಡಿಸುತ್ತಿರಬೇಕು. ಸುಮಾರು ಐದೂವರೆ ಸೆಂಟಿಮೀಟರ್ ಮುಟ್ಟಿದರೆ ಶಸ್ತ್ರಚಿಕಿತ್ಸೆಯ ಯೋಚನೆ ಮಾಡಬೇಕು. ಸಕಾಲದಲ್ಲಿ ಚಿಕಿತ್ಸೆ ಪಡೆದವರು ಅನೇಕ ವರ್ಷಗಳ ಕಾಲ ಬಾಳುತ್ತಾರೆ.

ಬೆಂಗಳೂರಿನಲ್ಲಿರುವ ಕರ್ನಾಟಕ ಸರ್ಕಾರದ ಪ್ರಸಿದ್ಧ ಹೃದ್ರೋಗ ಸಂಸ್ಥೆಯು ಚಿತ್ರದುರ್ಗದ ಬೃಹನ್ಮಠದ ಶ್ರೀ ಜಯದೇವ ಮುರುಘರಾಜೇಂದ್ರ ಸ್ವಾಮಿಗಳ ಹೆಸರನ್ನು ಹೊತ್ತಿದೆ. ಮೈಸೂರು ಮತ್ತು ಕಲಬುರಗಿಗಳಲ್ಲಿಯೂ ಅದರ ಶಾಖೆಗಳುಂಟು. ಕೋಟೆಯ ಗೋಡೆಗಳಿಗೂ ಕೆರೆಯ ಏರಿಗಳಿಗೂ ಹೆಸರಾದ ನಾಡಿನ ಗುರುವೊಬ್ಬರ ಹೆಸರು, ಮನುಷ್ಯನ ಒಡಲಿನ ಏರಿಯನ್ನು ಕಾಯುವ ಸಂಸ್ಥೆಗೆ ಸಂದಿರುವುದು ಉಚಿತವಾಗಿಯೇ ಇದೆ.

ಯಾವ ಏರಿಯೂ ಶಾಶ್ವತವಲ್ಲ. ಅದನ್ನು ಎಚ್ಚರದಿಂದ ಕಾಯುವುದು ಮನುಷ್ಯನ ಕರ್ತವ್ಯ. ಕಾದುಕೊಂಡ ನೀರಿನಿಂದ ಬೆಳೆ ತೆಗೆಯುವುದು ಅದಕ್ಕಿಂತಲೂ ದೊಡ್ಡ ಕರ್ತವ್ಯ. ಐನ್‌ಸ್ಟೈನರ ಕೊನೆಯ ಆರು ವರ್ಷಗಳು ಈ ಮಾತಿಗೆ ಸಾಕ್ಷಿಯಾಗಿವೆ.